ಇರುವೆ ಹೊರದ ಉಂಡೆ

ಒಂದು ಕಾಡಿನಲ್ಲಿ ಉಣ್ಣುವ ಮೊದಲು ಎಲ್ಲರೂ ಇರುವೆಗಾಗಿ ಕಾಯುತ್ತಿದ್ದರು. ಜಾಲಿ, ಬಾರಿ, ಕಾರೆ ಗಿಡಗಳ ಕುರುಚಲು ಕಾಡು ಅದು. ನೋಡಲು ಬಡಕಲು. ಆದರೆ ಅಲ್ಲಿನ ಪ್ರಾಣಿಗಳ ನಾಲಿಗೆ ಇತ್ತಲ್ಲ, ಅಂಥ ನಾಲಿಗೆ ಸುತ್ತಲಿನ ಏಳು ಕಾಡು ಜಾಲಾಡಿದರೂ ಸಿಗುತ್ತಿರಲಿಲ್ಲ. ಒಂದು ಬಾರಿಹಣ್ಣು, ಅಂದರೆ ಬೋರೆಹಣ್ಣು, ಬಾಯಿಗೆ ಹಾಕಿದರೆ ಸಾಕು, ಅದು ಗಿಡದ ಬಿಸಿಲ ಮಗ್ಗುಲಿನದೋ ನೆರಳ ಮಗ್ಗುಲಿನದೋ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಬೇರೆ ಕಾಡಿನವರು ಹೇಳಲಿ ನೋಡೋಣ.

ಅಲ್ಲಿ ಒಂದು ಪದ್ಧತಿ ಇತ್ತು. ಯಾವ ತಿಂಡಿಯೇ ಇರಲಿ, ಮೊದಲ ಚೂರನ್ನು ನೆಲಕ್ಕೆ ಇಡಬೇಕು. ಇರುವೆಗಳು ಬರಬೇಕು. ಬರೀ ಮುಟ್ಟಿ ಹೋದರೆ ಸಾಲದು, ಎತ್ತಿಕೊಂಡು ಗೂಡಿಗೆ ಹೊರಬೇಕು. ಹೊತ್ತರೆ ಎಲ್ಲರೂ ಉಣ್ಣುವುದು. ಬಿಟ್ಟು ಹೋದರೆ ಆ ತಿಂಡಿ ಯಾರಿಗೂ ಬೇಡ. ಇರುವೆ ಬರುವವರೆಗೆ ಸುತ್ತ ಕೂತು ಹರಟೆ ಹೊಡೆಯುತ್ತಿದ್ದರು.

ಇಂಥ ಕಾಡಿಗೆ ಅಮೆರಿಕ ಎಂಬ ದೂರದ ಕಾಡಿನಿಂದ ಬೆಳ್ಳಿತಲೆ ಹದ್ದಿನ ಅಂಗಡಿ ಬಂತು. ಹದ್ದು ಲೋಕದ ಕಾಡುಗಳಲ್ಲೆಲ್ಲ ಅಂಗಡಿ ಇಟ್ಟಿತ್ತು. ಎಲ್ಲ ಕಡೆ ಒಂದೇ ಬೋರ್ಡು, ಒಂದೇ ಕರಿದ ಉಂಡೆ, ಒಂದೇ ರುಚಿ. ಉಂಡೆ ಅಲ್ಲೇ ದೂರದಲ್ಲಿ ತಯಾರಾಗಿ, ಬಿಗಿ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬರುತ್ತಿತ್ತು. ಇಲ್ಲಿ ಬಿಸಿ ಮಾಡಿದರೆ ಮುಗಿಯಿತು. ತಿನ್ನುವವರ ಮುಂದೆ ಒಂದು ದೊಡ್ಡ ಮೊಲದ ಬೊಂಬೆ ಕುಣಿದು ಮೂರು ಜೋಕು ಹೇಳುತ್ತಿತ್ತು. ಮೂರೂ ಹಿಮದ ಕುರಿತಾದವು.

ಅಂಗಡಿ ನಡೆಸಲು ಹದ್ದು ದ್ಯಾಮಣ್ಣ ಎಂಬ ಮುಂಗುಸಿಯನ್ನು ಗೊತ್ತುಮಾಡಿತು. ದ್ಯಾಮಣ್ಣನ ಬಿಲದ ಮೇಲಿನ ಹಾಸುಬಂಡೆಯಲ್ಲೇ ಅಂಗಡಿ ಎದ್ದಿತು. ಕರಾರು ಇಷ್ಟೇ. ಬೋರ್ಡು ಇರುವವರೆಗೆ ಬಂಡೆಯೂ ಬಿಲವೂ ಹದ್ದಿನವು. ಬೋರ್ಡು ಇಳಿದ ದಿನ ಬಿಲದ ಬಾಯಿಗೆ ಕಲ್ಲು ಬೀಳುತ್ತದೆ, ಬೇರೆ ಯಾರೂ ಅಲ್ಲಿ ಅಂಗಡಿ ಇಡದ ಹಾಗೆ. ದ್ಯಾಮಣ್ಣ ಪಂಜ ಒತ್ತಿ ಒಪ್ಪಿದ. ಇಷ್ಟು ದೊಡ್ಡ ಅಂಗಡಿಯ ಬೋರ್ಡು ಇಳಿಯುವುದುಂಟೇ ಎಂದುಕೊಂಡಿದ್ದ.

ಮೊದಲ ವರ್ಷ ಬಂಡೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಬಿಸಿ ಇರುವಾಗಲೇ ತಿನ್ನಬೇಕು, ಹತ್ತು ಎಣಿಸುವಷ್ಟರಲ್ಲಿ ಮುಗಿಸಬೇಕು ಎಂಬುದು ಅಂಗಡಿಯ ನಿಯಮ. ಇರುವೆಯನ್ನು ಕಾಯಲು ಪುರುಸೊತ್ತೇ ಇರಲಿಲ್ಲ. ಹೊಸತರ ಹುಮ್ಮಸ್ಸಿನಲ್ಲಿ ಯಾರೂ ಕೇಳಲೂ ಇಲ್ಲ.

ಎರಡನೆಯ ವರ್ಷ ಮೊಲದ ಜೋಕಿಗೆ ನಗುವವರು ಕಡಿಮೆಯಾದರು.

"ಹಿಮ ಅಂದ್ರ ಏನಪಾ?" ಎಂದು ಒಂದು ಕಾಡುಹಂದಿ ಕೇಳಿತು.

"ಬಿಳೇ ಧೂಳು ಇರಬೇಕು," ಎಂದಿತು ಪಕ್ಕದ ತೋಳ.

"ಧೂಳಿಗೆ ಯಾಕ ನಗಬೇಕು?"

"ನಂಗೇನು ಗೊತ್ತು. ಅವರ ಕಡೆ ನಗತಾರಂತ."

ಮೂರನೆಯ ವರ್ಷ ಬಂಡೆ ಬರಿದಾಯಿತು. ಎಲ್ಲರೂ ತಿರುಗಿ ಜುಂಜವ್ವನ ಹತ್ತಿರ ಹೋಗುತ್ತಿದ್ದರು. ಜುಂಜವ್ವ ಮುದಿ ಕರಡಿ. ಬಾರಿಹಣ್ಣು ಕುಟ್ಟಿ, ಜೇನು ಕಲಸಿ, ಕೈಯಲ್ಲೇ ತಟ್ಟಿ ಕೊಡುತ್ತಿದ್ದಳು. ಅದೂ ಇರುವೆ ಹೊತ್ತ ಮೇಲೆಯೇ.

ಒಂದು ಬೆಳಿಗ್ಗೆ ಗಿಳಿಯೊಂದು ದೂರದ ಸುದ್ದಿ ತಂದಿತು. ಎಂಟನೆಯ ದಿನ ಹದ್ದು ತಾನೇ ಬರುತ್ತದೆ. ಅಂಗಡಿ ಖಾಲಿಯಿದ್ದರೆ ಬೋರ್ಡು ಇಳಿಸುತ್ತದೆ.

ದ್ಯಾಮಣ್ಣ ಬಿಲದ ಕಡೆಗೆ ಓಡಿದ. ಬಿಲದೊಳಗೆ ಹೆಂಡತಿ ಹುಲಿಗೆವ್ವ ಹೆತ್ತು ನಾಲ್ಕೇ ದಿನವಾಗಿತ್ತು. ನಾಲ್ಕು ಮರಿ. ಒಂದೂ ಕಣ್ಣು ಬಿಟ್ಟಿರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಬೇರೆ ಬಿಲ ತೋಡೋಣವೆಂದರೆ ಬೇಸಿಗೆಯ ನೆಲ ಕಬ್ಬಿಣದಂತೆ ಗಟ್ಟಿ.

"ಯಾಕ, ಉಣ್ಣವಲ್ಲಿ?" ಎಂದು ಹುಲಿಗೆವ್ವ ಕೇಳಿದಳು.

"ಹೊಟ್ಟಿ ತುಂಬೇತಿ."

"ನಿನ್ನ ಬಾಯಿ ಹಂಗ ಅಂತೈತಿ. ಬಾಲ ಬ್ಯಾರೇನ ಹೇಳಾಕತ್ತೈತಿ."

ದ್ಯಾಮಣ್ಣ ಬಾಲವನ್ನು ಕಾಲಡಿ ಸೇರಿಸಿಕೊಂಡ. ಅಂಗಡಿಯ ಒಂದು ಉಂಡೆ ಎತ್ತಿಕೊಂಡು ನೇರ ಜುಂಜವ್ವನ ಹತ್ತಿರ ನಡೆದ.

"ಅವ್ವಾ, ನನ್ನ ಅಂಗಡಿಗೆ ಯಾಕ ಯಾರೂ ಬರವಲ್ರು?"

"ನಿನ್ನ ಉಂಡಿ ಇರುವಿ ಮುಂದ ಇಟ್ಟು ನೋಡಿದೇನು?"

"ಇಲ್ಲ."

"ಮೂರು ವರ್ಷ ಆತು. ಯಾಕ ಇಟ್ಟಿಲ್ಲ? ಅಂಜಿಕಿ?"

ದ್ಯಾಮಣ್ಣ ಒಂದು ಚೂರು ಮುರಿದು ನೆಲಕ್ಕಿಟ್ಟ. ಇರುವೆಗಳು ಬಂದವು. ಒಂದು ಸುತ್ತು ಹಾಕಿದವು. ಒಂದು ಇರುವೆ ಮೂಸಿ ನೋಡಿ, ಮೀಸೆಯನ್ನು ಕಾಲಿಗೆ ಒರೆಸಿಕೊಂಡು ಹೊರಟೇ ಹೋಯಿತು.

"ನೋಡಿದಿ? ಮುಖಾ ತೊಳಕೊಂಡು ಹೋತು," ಎಂದಳು ಜುಂಜವ್ವ. "ಇನ್ನ ನಮ್ಮ ಮಂದಿನ ಕೇಳಬೇಕೇನು?"

ಮರುದಿನ ಪುನುಗಪ್ಪ ಬಂದ. ಅವನು ಪುನುಗುಬೆಕ್ಕು. ಈ ಸೀಮೆಯ ಕಾಡುಗಳಲ್ಲಿ ಹದ್ದಿನ ಅಂಗಡಿಗಳಿಗೆಲ್ಲ ಅವನೇ ಮೇಲಿನವನು. ಅವನು ಬರುವ ಮೊದಲು ಅವನ ವಾಸನೆ ಬರುತ್ತಿತ್ತು. ಹೋದ ಮೇಲೂ ಮೂರು ದಿನ ಉಳಿಯುತ್ತಿತ್ತು.

"ಸಾಹೇಬ್ರ, ಪೊಟ್ಟಣದ ಉಂಡಿ ಬಿಡೋಣ," ಎಂದ ದ್ಯಾಮಣ್ಣ. "ಇಲ್ಲೇ ಬಿಸಿಬಿಸಿ ಮಾಡೋಣ. ಇಲ್ಲಿನ ಕಾಯಿ, ಇಲ್ಲಿನ ಹಣ್ಣು. ಇರುವಿ ಹೊರೂವಂಥಾದ್ದು."

ಪುನುಗಪ್ಪ ನಕ್ಕ. "ಬದಲಾಗಬೇಕು, ಖರೆ. ಆದರೆ ಉಂಡೆ ಬದಲಾಗಬಾರದು. ಬೋರ್ಡು ಬದಲಿಸೋಣ. ಆ ಮುದುಕಿ ಕರಡಿಯ ಹೆಸರೇನು?"

"ಜುಂಜವ್ವ."

"'ಜುಂಜವ್ವನ ಮನೆ ರುಚಿ' ಅಂತ ಬರೆಸೋಣ. ಮೊಲದ ಬೊಂಬೆಗೆ ಒಂದು ರುಮಾಲು ಸುತ್ತು. ಇನ್ನು ಇರುವೆ ತಾನೇ? ಉಂಡೆಯ ಮೇಲೆ ತೆಳ್ಳಗೆ ಜೇನು ಸವರಿದರೆ ಇರುವೆಯಪ್ಪನೂ ಬರುತ್ತಾನೆ. ಎಲ್ಲರ ಕಣ್ಣೆದುರೇ ಬರಲಿ."

"ಇದು ಮೋಸ ಅಲ್ಲೇನ್ರಿ?"

"ಮೋಸ ಅಲ್ಲ ತಮ್ಮಾ, ಹೊಂದಾಣಿಕೆ." ಪುನುಗಪ್ಪ ಬಿಲದ ಬಾಯಿಯ ಕಡೆ ನೋಡಿದ. "ನಿನ್ನ ಮರಿಗಳು ಕಣ್ಣು ಬಿಟ್ಟವೇನು?"

"ಇನ್ನೂ ಇಲ್ಲ."

"ಹಾಗಾದರೆ ನೀನೂ ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡಿರು."

ದ್ಯಾಮಣ್ಣ ಬೊಂಬೆಗೆ ರುಮಾಲು ಸುತ್ತಿದ. ಆ ವಾರವೆಲ್ಲ ಬಿಲದೊಳಗೆ ಹೋದರೆ ಮರಿಗಳ ಕುಂಯ್ ಕುಂಯ್. ಹೊರಗೆ ಬಂದರೆ ಗುಡುಗು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಳೆಯಲ್ಲಿ ಎಲ್ಲಿಗೆ ಹೋಗಲಿ, ಉಳಿದ ಮೂರನ್ನು ಯಾರ ಹತ್ತಿರ ಬಿಡಲಿ ಎಂದು ಲೆಕ್ಕ ಹಾಕುತ್ತಿದ್ದ. ಲೆಕ್ಕ ಹೊಂದುತ್ತಿರಲಿಲ್ಲ.

ಎಂಟನೆಯ ದಿನ ಬಂತು. ಪುನುಗಪ್ಪ ಬೆಳಿಗ್ಗೆಯೇ ತಾನೇ ಕೂತು ಉಂಡೆಗಳಿಗೆ ಜೇನು ಸವರಿದ. ದ್ಯಾಮಣ್ಣನ ಕೈಗೆ ಕೊಟ್ಟರೆ ಜೇನು ಹೆಚ್ಚು ಸುರಿದಾನೆಂಬ ಜಿಪುಣತನ ಅವನಿಗೆ. ಅವನ ನಾಲ್ಕೂ ಕಾಲು ಅಂಟಂಟಾದವು. ಇರುವೆ ಪರೀಕ್ಷೆ ಎಂದು ಡಂಗುರ ಹೊಡೆಸಿದ್ದರಿಂದ ಇಡೀ ಕಾಡು ಬಂಡೆಯ ಸುತ್ತ ನೆರೆಯಿತು. ಹದ್ದು ಆಕಾಶದಿಂದ ಇಳಿದು ಬೋರ್ಡಿನ ಮೇಲೆ ಕೂತಿತು. ಅದರ ನೆರಳಿಗೆ ಅರ್ಧ ಬಂಡೆ ಕತ್ತಲಾಯಿತು.

ಜುಂಜವ್ವ ಬೋರ್ಡು ಓದಿಸಿ ಕೇಳಿಕೊಂಡಳು. "ನನ್ನ ಹೆಸರು ಅಲ್ಲಿಗೆ ಹೆಂಗ ಏರಿತೋ?"

"ಗೌರವ, ಅಜ್ಜಿ, ನಿಮಗೆ ಗೌರವ," ಎಂದ ಪುನುಗಪ್ಪ.

"ಗೌರವಾನ ಕೇಳಿ ಕೊಡಬೇಕಪಾ. ಕೇಳದ ಒಯ್ಯೂದಕ್ಕ ನಮ್ಮ ಕಡೆ ಬ್ಯಾರೆ ಹೆಸರೈತಿ."

ಎಲ್ಲರೂ ಮುಸಿಮುಸಿ ನಕ್ಕರು. ಪುನುಗಪ್ಪ ಬೇಗ ಒಂದು ಉಂಡೆಯನ್ನು ನೆಲಕ್ಕಿಟ್ಟ. ಇರುವೆಗಳು ಬಂದವು. ಒಂದಲ್ಲ, ಎರಡಲ್ಲ, ಸಾಲು ಸಾಲು. ಉಂಡೆ ಕಾಣದಂತೆ ಮುತ್ತಿಕೊಂಡವು. ಕಾಡು ಬೆಪ್ಪಾಯಿತು. ಹದ್ದಿನ ಕಣ್ಣು ಅರಳಿತು.

"ಬಂದವು ನೋಡಿ. ಇನ್ನೇನು ಕಾಯುವುದು, ತಿನ್ನಿ ತಿನ್ನಿ," ಎಂದು ಪುನುಗಪ್ಪ ಹಂಚತೊಡಗಿದ.

ದ್ಯಾಮಣ್ಣ ಬಿಲದ ಕಡೆ ನೋಡಿದ. ಬಿಲ ಉಳಿಯಿತು. ಇನ್ನು ಅರೆಗಳಿಗೆ ಸುಮ್ಮನಿದ್ದರೆ ಸಾಕು.

ಜುಂಜವ್ವ ಒಂದು ಉಂಡೆ ಎತ್ತಿಕೊಂಡಳು. ಬಾಯಿಗೆ ಹಾಕಲಿಲ್ಲ. ದ್ಯಾಮಣ್ಣನ ಕಡೆ ತಿರುಗಿದಳು. "ಇರುವಿ ಹೊತ್ರ ಬ್ಯಾಡನ್ನಾಕ ನಾ ಯಾರು? ಆದ್ರ ನೀ ನಮ್ಮವ. ನಿನ್ನ ಬಾಯಿಲೆ ಹೇಳಿಬಿಡು ದ್ಯಾಮಣ್ಣ. ಇದು ಖರೇನ?"

ಎಲ್ಲರ ಕಣ್ಣೂ ಅವನ ಮೇಲೆ ಬಿದ್ದವು. ಬಂಡೆಯಡಿಯಿಂದ ಮರಿಗಳ ಕುಂಯ್ ಕುಂಯ್ ಕೇಳುತ್ತಿತ್ತು. ದ್ಯಾಮಣ್ಣ ಹೌದು ಎನ್ನಲು ಬಾಯಿ ತೆರೆದ. ಬಾಯಿಂದ ಬೇರೆ ಮಾತು ಬಂತು.

"ಜೇನು ಸವರೇವಿ ಅವ್ವಾ. ತಿನಬ್ಯಾಡ."

"ಸುಳ್ಳು," ಎಂದ ಪುನುಗಪ್ಪ. "ಇವನಿಗೆ ಅಂಗಡಿ ನಡೆಸುವ ಯೋಗ್ಯತೆ ಇಲ್ಲ, ಅದಕ್ಕೆ..."

ಅಷ್ಟರಲ್ಲಿ ಇರುವೆಗಳು ಉಂಡೆಯಿಂದ ಇಳಿಯತೊಡಗಿದವು. ಜೇನು ಮುಗಿದಿತ್ತು. ಉಂಡೆ ಇದ್ದಲ್ಲೇ ಇತ್ತು, ತೊಳೆದಿಟ್ಟ ಕಲ್ಲಿನ ಹಾಗೆ ನುಣ್ಣಗೆ. ಒಂದು ಚೂರನ್ನೂ ಅವು ಹೊತ್ತಿರಲಿಲ್ಲ. ಹಾಗಂತ ಮನೆಗೂ ಹೋಗಲಿಲ್ಲ. ಜೇನಿನ ಜಾಡು ಹಿಡಿದು ಸೀದಾ ಪುನುಗಪ್ಪನ ಕಾಲಿಗೆ ಬಂದವು. ಹಿಂದೆಯೇ ಕಚ್ಚುವ ದೊಡ್ಡ ಗೊದ್ದ ಇರುವೆಗಳೂ ಬಂದವು.

ಪುನುಗಪ್ಪ ಮುಂಗಾಲು ಕೊಡವಿದ. ಹಿಂಗಾಲು ಕೊಡವಿದ. ಆಮೇಲೆ ನಾಲ್ಕೂ ಕಾಲು ಒಟ್ಟಿಗೆ ಎತ್ತಲು ನೋಡಿ ಧಡಾರನೆ ಬಿದ್ದ. ಬಿದ್ದವನು ಉರುಳಿ ಮೊಲದ ಬೊಂಬೆಗೆ ಬಡಿದ. ಬೊಂಬೆ ರುಮಾಲು ಕುಣಿಸುತ್ತ ಹಿಮದ ಜೋಕು ಶುರುಮಾಡಿತು. ಎರಡು ವರ್ಷದ ಮೇಲೆ ಆ ಅಂಗಡಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪುನುಗಪ್ಪ ಕಿರುಚುತ್ತ ಕಾಡು ದಾಟಿದ. ಮತ್ತೆ ಆ ಕಡೆ ಅವನೂ ಬರಲಿಲ್ಲ, ಅವನ ವಾಸನೆಯೂ ಬರಲಿಲ್ಲ.

ಹದ್ದು ಮಾತ್ರ ನಗಲಿಲ್ಲ. ಕೊಕ್ಕಿನಲ್ಲಿ ಬೋರ್ಡು ಕಿತ್ತು ಕೆಳಗೆ ಹಾಕಿತು. ಬಿಲದ ಪಕ್ಕದ ಕಲ್ಲಿನ ಮೇಲೆ ಒಂದು ಕಾಲಿಟ್ಟಿತು.

"ಕರಾರು ಕರಾರೇ," ಎಂದಿತು. "ನನ್ನ ಉಂಡೆ ಲೋಕಕ್ಕೆಲ್ಲ ಒಂದೇ. ಅದು ಬದಲಾದರೆ ನಾನು ನಾನಾಗಿ ಉಳಿಯುವುದಿಲ್ಲ. ನಿನ್ನವರನ್ನು ಹೊರಗೆ ತಾ."

ಈಗ ಯಾರೂ ನಗುತ್ತಿರಲಿಲ್ಲ. ದ್ಯಾಮಣ್ಣ ಬೇಡಿಕೊಳ್ಳಲಿಲ್ಲ. ಒಳಗೆ ಹೋಗಿ ಒಂದು ಮರಿಯನ್ನು ಕಚ್ಚಿಕೊಂಡು ಬಂದ. ಅದನ್ನು ಜುಂಜವ್ವನ ಮಡಿಲಿಗೆ ಹಾಕಿದ. ಇನ್ನೊಂದನ್ನು ತಂದ. ಗಾಳಿ ಎದ್ದಿತು. ಮೂರನೆಯದನ್ನು ತರುವಾಗ ಹಿಂದೆಯೇ ಹುಲಿಗೆವ್ವ ತೆವಳುತ್ತ ಬಂದಳು. ಅವಳ ಬಾಯಲ್ಲಿ ಎಲೆ ಸುತ್ತಿದ ಒಂದು ಉಂಡೆ ಇತ್ತು.

"ಏನದು?" ಎಂದಿತು ಹದ್ದು.

ಹುಲಿಗೆವ್ವ ಅದನ್ನು ಕೆಳಗಿಟ್ಟಳು. "ಅಂಟಿನುಂಡಿ ರೀ. ಜಾಲಿ ಅಂಟು, ಬಾರಿಹಣ್ಣು. ಬಾಣಂತಿ ಬೆನ್ನಿಗೆ ಚಲೋ ಅಂತ ನನ್ನ ಗಂಡ ಮಾಡಿಕೊಟ್ಟಾನ. ಬ್ಯಾರೆ ಕಡೆ ಹೋಗೂದಾದ್ರ ದಾರಿಗೆ ಬೇಕಲ್ಲ."

"ಮೇಲೆ ಇಷ್ಟು ಉಂಡೆ ಇವೆ. ನೀವು ಅದನ್ನು ತಿನ್ನುವುದಿಲ್ಲವೇ?"

"ಎಳೇ ಮಕ್ಕಳ ತಾಯಿ ಅದೀನ್ರಿ ನಾನು."

ಹದ್ದಿನ ದನಿ ಇಳಿಯಿತು. "ಈ ವರ್ಷ ಇಪ್ಪತ್ತು ಕಾಡಿನಲ್ಲಿ ಬೋರ್ಡು ಇಳಿಸಿದ್ದೇನೆ. ಯಾಕೆ ಎಂದು ಒಬ್ಬರೂ ನನಗೆ ಹೇಳಲಿಲ್ಲ."

"ನೀವು ಕೇಳಿದ್ರೇನು?" ಎಂದಳು ಜುಂಜವ್ವ.

"ಇಲ್ಲ." ಹದ್ದು ಅಂಟಿನುಂಡೆಯನ್ನೇ ನೋಡುತ್ತಿತ್ತು. "ಅದರ ಒಂದು ಚೂರು ನೆಲಕ್ಕಿಡಿ. ನೋಡೋಣ."

"ಹಂಗಾರ ಕೂಡ್ರಿ ಧಣ್ಯಾರ. ಇಲ್ಲಿ ಹತ್ತು ಎಣಿಸಿದ್ರ ಸಾಲೂದಿಲ್ಲ," ಎಂದು ಜುಂಜವ್ವ ಅಂಟಿನುಂಡೆಯ ಚೂರೊಂದನ್ನು ನೆಲಕ್ಕಿಟ್ಟಳು.

ಲೋಕವೆಲ್ಲ ಹಾರಿದ ಹದ್ದು ರೆಕ್ಕೆ ಮಡಚಿ ಮಣ್ಣಿನ ಮೇಲೆ ಕೂತಿತು. ಒಂದು ಕಾಲು ಕಲ್ಲಿನ ಮೇಲೆಯೇ ಇತ್ತು. ದ್ಯಾಮಣ್ಣ ಬಿಲದ ಬಾಗಿಲಲ್ಲಿ ನಿಂತಿದ್ದ, ಬಾಯಲ್ಲಿ ಮೂರನೆಯ ಮರಿ. ನಾಲ್ಕನೆಯದು ಒಳಗೇ ಇತ್ತು. ಇದನ್ನು ಹೊರಗೆ ಒಯ್ಯಬೇಕೋ ಒಳಗೆ ಒಯ್ಯಬೇಕೋ ಅವನಿಗೆ ತಿಳಿಯಲಿಲ್ಲ.

ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಮಳೆ ಹತ್ತಿದರೆ ಇರುವೆ ಗೂಡು ಬಿಡುವುದಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಹರಟೆ ಹೊಡೆಯಲಿಲ್ಲ.

ಒಂದೇ ಒಂದು ಇರುವೆ ಬಂತು. ಚೂರನ್ನು ಮೂಸಿತು. ಹಿಂದಕ್ಕೆ ಓಡಿಹೋಯಿತು. ಆಗ ಬಂಡೆಯ ಬಿರುಕಿನಿಂದ ಏಳೆಂಟು ಇರುವೆ ಒಟ್ಟಿಗೆ ಬಂದವು. ಚೂರಿನ ಅಡಿಗೆ ತಲೆ ಕೊಟ್ಟವು. ಚೂರು ಒಮ್ಮೆ ವಾಲಿತು. ಆಮೇಲೆ ಮೆಲ್ಲಗೆ ಎದ್ದು ನಡೆಯತೊಡಗಿತು.

ಅದು ಗೂಡಿನೊಳಗೆ ಮರೆಯಾಗುವವರೆಗೆ ಹದ್ದು ಕದಲಲಿಲ್ಲ. ಆಮೇಲೆ ಕಲ್ಲಿನ ಮೇಲಿನ ಕಾಲು ತೆಗೆಯಿತು.

"ನಾಳೆಯಿಂದ ಪೊಟ್ಟಣ ಬರುವುದಿಲ್ಲ," ಎಂದಿತು. "ಇದನ್ನು ಮಾಡುವುದು ನನಗೂ ಕಲಿಸು."

ದ್ಯಾಮಣ್ಣ ಉತ್ತರ ಕೊಡುವ ಹಾಗಿರಲಿಲ್ಲ. ಬಾಯಲ್ಲಿ ಮರಿ ಇತ್ತು.

"ಕೂಸು ತೊಯ್ಯಾಕತ್ತೈತಿ," ಎಂದಳು ಹುಲಿಗೆವ್ವ. "ಮೊದಲು ಒಳಗ ನಡಿ."

ದ್ಯಾಮಣ್ಣ ತಿರುಗಿ ಬಿಲದೊಳಗೆ ಇಳಿದ.

ನೀತಿ: ಬೋರ್ಡು ಬದಲಿಸಿದ ಮಾತ್ರಕ್ಕೆ ತಿಂಡಿ ಬದಲಾಗುವುದಿಲ್ಲ. ಉಣ್ಣುವವರನ್ನು ಕೇಳದೆ ಉಣಬಡಿಸುವವನು ಎಷ್ಟು ದೊಡ್ಡವನಾದರೂ ಉಳಿಯುವುದಿಲ್ಲ. ಕೂತು ಕೇಳಿ ಕಲಿತವನು ಉಳಿಯುತ್ತಾನೆ.