ಒಂಟೆಯ ತಲೆಗೆ ಹಾಕು

ಸೋತವರು ಕೆರೆಯಂಗಳದ ಮೈದಾನ ಬಿಟ್ಟುಕೊಡಬೇಕೆಂದು ಪಂದ್ಯಕ್ಕೆ ಮೊದಲೇ ಮಾತಾಗಿತ್ತು. ಎರಡೂ ಕಡೆ ಒಂದೊಂದು ಗೋಲು. ಉಳಿದದ್ದು ಒಂದೇ ನಿಮಿಷ. ಜಿಂಕೆ ಎಂದಿನಂತೆ ಚೆಂಡಿನೊಡನೆ ಅಂಚಿನ ಗೆರೆಗುಂಟ ಓಡಿತು. ಅಲ್ಲಿಂದ ಎತ್ತಿ ಒಂಟೆಯ ತಲೆಗೆ ಹಾಕುವುದು, ಒಂಟೆ ಅದನ್ನು ಗೋಲಿಗೆ ಗುದ್ದುವುದು, ಆ ತಂಡಕ್ಕೆ ಗೊತ್ತಿದ್ದ ಆಟ ಇಷ್ಟೇ. ಇದನ್ನು ಅರಿತಿದ್ದ ಎದುರಾಳಿ ಗೋಲ್‌ಕೀಪರ್ ಕೋತಿ ಆಗಲೇ ಮೇಲಿನ ಅಡ್ಡಪಟ್ಟಿಗೆ ನೇತುಬಿದ್ದಿತ್ತು.

“ಜಿಂಕೆಯಣ್ಣ, ಕೆಳಗೆ ಗೋಲು ಖಾಲಿ ಇದೆ. ನೆಲದಲ್ಲೇ ನನಗೆ ತಳ್ಳು!” ಎಂದು ಗೋಲಿನೆದುರು ನಿಂತಿದ್ದ ಮುಂಗುಸಿ ಕೂಗಿತು.

“ಒಂಬತ್ತು ಪಂದ್ಯ ಗೆದ್ದದ್ದು ತಲೆಗೆ ಹಾಕಿಯೇ. ನನಗೆ ಪಾಠ ಹೇಳಬೇಡ,” ಎಂದಿತು ಜಿಂಕೆ.

“ಕಾಲು ಹಿಡಿದುಕೊಂಡಿದೆ, ಕೂತುಬಿಟ್ಟಿದ್ದೇನೆ ಮಾರಾಯ!” ಎಂದು ಒಂಟೆ ಅರಚಿತು.

ಅಷ್ಟರಲ್ಲಿ ಚೆಂಡು ಮೇಲೆದ್ದಾಗಿತ್ತು. ಕೋತಿ ಅದನ್ನು ಒಂದೇ ಕೈಯಲ್ಲಿ ಹಿಡಿದು ಮೈದಾನದ ಆ ತುದಿಗೆ ಎಸೆಯಿತು. ಅಲ್ಲಿ ಕಾದಿದ್ದ ತೋಳ ಗೋಲು ಹೊಡೆಯಿತು. ಕೊನೆಯ ಸೀಟಿ ಕೇಳಿಸಿತು.

“ಅಳೆದು ಹಾಕಿದ್ದೆ. ಸರಿಯಾಗಿ ಒಂಟೆಯ ತಲೆಗೇ ಹೋಗಿತ್ತು,” ಎಂದಿತು ಜಿಂಕೆ.

“ಹೋಗಿತ್ತಣ್ಣ,” ಎಂದಿತು ಮುಂಗುಸಿ, ಮೈದಾನ ಬಿಟ್ಟು ನಡೆಯುತ್ತ. “ಕಳೆದ ಪಂದ್ಯದ ತಲೆಗೆ.”