ಕೆರೆಯ ಬಾಗಿಲಿನ ಹೂವಿನ ಕಮಾನು

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಒಂದೇ ಕೆರೆ ಇತ್ತು. ಯಾರು ಯಾವ ದಿಕ್ಕಿನಿಂದ ಬೇಕಾದರೂ ಬಂದು ನೀರು ಕುಡಿದು ಹೋಗುತ್ತಿದ್ದರು. ನರಿಗೆ ಇದು ಸರಿಬರಲಿಲ್ಲ. ಕೆರೆಗೊಂದು ಅಂದ ಬೇಡವೇ, ಸುತ್ತ ಬೇಲಿ ಹಾಕೋಣ, ನೋಡಿದವರು ಕಣ್ಣು ಕೀಳಲಾಗದಂಥ ಒಂದೇ ಒಂದು ಬಾಗಿಲು ಮಾಡೋಣ ಎಂದು ಎಲ್ಲರನ್ನೂ ಒಪ್ಪಿಸಿತು.

ನೆಲ ಅಗೆಯುವ ಕೆಲಸ ಮುಳ್ಳುಹಂದಿ ಸಾಕವ್ವನ ಪಾಲಿಗೆ ಬಂತು. ಅವಳು ಎಂಟು ದಿನ ಬೆವರು ಸುರಿಸಿ ಗುಂಡಿ ತೋಡಿದಳು, ಕಾರೆಮುಳ್ಳು ಎಳೆದು ತಂದಳು. ನರಿ ಕೊನೆಯ ದಿನ ಬಂದು, ಬಾಗಿಲಿಗೆ ಬಳ್ಳಿಯ ಕಮಾನು ಕಟ್ಟಿ, ಮುತ್ತುಗದ ಕೆಂಪು ಹೂವು, ನವಿಲುಗರಿ ಸಿಕ್ಕಿಸಿತು. ಹೆಸರೆಲ್ಲ ನರಿಗೇ ಬಂತು! ಬಂದವರೆಲ್ಲ ಕಮಾನಿನ ಕೆಳಗೆ ನಿಂತು, ಕತ್ತೆತ್ತಿ, ಬಾಯಿ ಬಿಟ್ಟುಕೊಂಡು ನೋಡಿದ್ದೇ ನೋಡಿದ್ದು.

ನಾಲ್ಕೇ ದಿನಕ್ಕೆ ಮೊಲದ ಎರಡು ಮರಿಗಳು ಕಾಣೆಯಾದವು. ಎಲ್ಲರಿಗಿಂತ ಮೊದಲು ಓಡಿಬಂದು ಕಣ್ಣೀರಿಟ್ಟದ್ದು ನರಿಯೇ. ಹದ್ದು ಒಯ್ದಿರಬೇಕು ಎಂದು ಸಮಾಧಾನ ಬೇರೆ ಹೇಳಿತು. ಮೊಲಕ್ಕೆ ಉಳಿದದ್ದು ಒಂದೇ ಮರಿ. ಅದು ಬಾಯಾರಿ ಅಳುತ್ತಿದ್ದರೂ ಕೆರೆಗೆ ಕರೆತರಲು ತಾಯಿಗೆ ಧೈರ್ಯ ಬರಲಿಲ್ಲ.

ಸಾಕವ್ವನಿಗೆ ಕತ್ತೆತ್ತಿ ನೋಡುವ ಅಭ್ಯಾಸವಿಲ್ಲ. ನೆಲ ಮೂಸುತ್ತ ನಡೆಯುವವಳು ಅವಳು. ಅಂದು ಸಂಜೆ ಕಮಾನಿನ ಬುಡದಲ್ಲಿ ಅವಳಿಗೆ ಮೊಲದ ತುಪ್ಪಳ ಸಿಕ್ಕಿತು. ಪಕ್ಕದ ಮುಳ್ಳು ಸರಿಸಿದರೆ ಒಳಗೊಂದು ಗುಂಡಿ. ಕಂಬ ನೆಡಬೇಕೆಂದು ಹೇಳಿ ನರಿ ಅವಳಿಂದಲೇ ತೋಡಿಸಿದ್ದ ಗುಂಡಿ. ಅದರಲ್ಲಿ ಕಂಬವಿರಲಿಲ್ಲ, ಹೊಂಚು ಹಾಕಿ ಕುಳಿತ ನರಿ ಇತ್ತು.

ಸಾಕವ್ವನಿಗೆ ಮೈಯೆಲ್ಲ ಉರಿದುಹೋಯಿತು. "ಏನೋ ದ್ರೋಹಿ, ಮೇಲೆ ಹೂ ತೋರಿಸಿ ಕೆಳಗೆ ಮಕ್ಕಳನ್ನ ತಿಂತೀಯಾ? ಅದೂ ನನ್ನ ಕೈಲೇ ಗುಂಡಿ ತೋಡಿಸಿ?"

"ಮೆಲ್ಲಗೆ ಮಾತಾಡು ಸಾಕವ್ವ. ನಿನಗೂ ಪಾಲು ಕೊಡ್ತೀನಿ" ಎಂದಿತು ನರಿ.

ಗೆಡ್ಡೆಗೆಣಸು ತಿಂದು ಬದುಕುವವಳಿಗೆ ಆಡುವ ಮಾತೇ ಇದು? ಅವಳು ಬೆನ್ನು ತಿರುಗಿಸಿ, ಮುಳ್ಳು ನಿಮಿರಿಸಿ, ಹಿಂದುಹಿಂದಕ್ಕೇ ಗುಂಡಿಯೊಳಗೆ ನುಗ್ಗಿದಳು. ನರಿಗೆ ತಪ್ಪಿಸಿಕೊಳ್ಳಲು ಬೇರೆ ದಾರಿಯಿರಲಿಲ್ಲ. ಮೂತಿಯ ತುಂಬ ಮುಳ್ಳು ನೆಡಿಸಿಕೊಂಡು, ಊಳಿಡುತ್ತ ಅವಳ ಮೇಲಿಂದ ಹಾರಿ, ಕಾಡು ಬಿಟ್ಟೇ ಓಡಿತು.

ಊಳು ಕೇಳಿ ಓಡಿಬಂದ ಪ್ರಾಣಿಗಳಿಗೆ ಸಾಕವ್ವ ಗುಂಡಿ ತೋರಿಸಿದಳು. ಎಲ್ಲ ಸೇರಿ ಬೇಲಿ ಕಿತ್ತವು. ಕಮಾನೊಂದು ಇರಲಿ, ನೋಡಲು ಚೆಂದವಾಗಿದೆ ಎಂದು ಜಿಂಕೆ ರಾಗ ಎಳೆಯಿತು.

"ಮರಿ ಕಳಕೊಂಡವಳನ್ನ ಕೇಳು" ಎಂದಳು ಸಾಕವ್ವ.

ಮೊಲ ಮುಂದೆ ಬಂತು. ಹಿಂಗಾಲ ಮೇಲೆ ನಿಂತು, ಕಮಾನಿನ ಬಳ್ಳಿಯನ್ನು ಕಚ್ಚಿ ಎಳೆಯಿತು. ಹೂವೆಲ್ಲ ನೆಲಕ್ಕೆ ಬಿತ್ತು. ಅದನ್ನು ತುಳಿದುಕೊಂಡೇ ಅದು ಉಳಿದ ಮರಿಯನ್ನು ನೀರಿಗೆ ಕರೆದೊಯ್ದಿತು.

ನೀತಿ: ಕಣ್ಣು ಸೆಳೆಯುವ ಅಂದಕ್ಕೆ ಮರುಳಾಗುವ ಮೊದಲು ಅದರ ಬುಡದಲ್ಲಿ ಏನಿದೆ ಎಂದು ನೋಡಬೇಕು.