ಅಡಿವೆಪ್ಪನೂ ತಂಗಿಯ ಮೆತ್ತೆ ಚಡ್ಡಿಯೂ

ಅವ್ವನ ಮಾತು ಕೇಳದ ಮಕ್ಕಳ ಕತೆ ನೀವು ಬೇಕಾದಷ್ಟು ಕೇಳಿರಬೇಕು. ಇದು ಹಾಗಲ್ಲ. ಸಂಕವ್ವನ ಮಗ ಅಡಿವೆಪ್ಪ ಅವ್ವನ ಮಾತನ್ನು ಕೇಳುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಸಂಕವ್ವನ ಕಷ್ಟ!

ಅವನಿಗೆ ಮೀಸೆ ಬಂದು ಆರು ವರ್ಷವಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. "ಬಾಗಲಾ ನೋಡ್ಕೋ" ಅಂದರೆ ಬಾಗಿಲನ್ನೇ ನೋಡುತ್ತ ಕೂರುವವ. ಬೆನ್ನ ಹಿಂದೆ ಬೆಕ್ಕು ಹಾಲು ಕುಡಿದರೂ ತಿರುಗುವವನಲ್ಲ. "ಶಿವನೇ, ಇವನ ತಲಿಯಾಗ ಏನ ತುಂಬಿ ಕಳಿಸಿದೆಪ್ಪಾ!" ಅಂತ ಸಂಕವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಸಂಕವ್ವ ಹಳೆಯ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುವವಳು. ಅವಳ ಮಗಳು ಕಸ್ತೂರಿಗೆ ಹನ್ನೆರಡು ವರ್ಷ, ಗಾಲಿ ಬೂಟಿನ ಹುಚ್ಚು. ನಾಲ್ಕು ಗಾಲಿಯ ಬೂಟು ಹಾಕಿಕೊಂಡು ಹಾಡಿಗೆ ತಕ್ಕ ಹಾಗೆ ಜಾರುವುದು, ಒಂಟಿಗಾಲಲ್ಲಿ ತಿರುಗುವುದು, ಹಾರಿ ಗಾಳಿಯಲ್ಲೇ ಸುತ್ತಿ ಇಳಿಯುವುದು. ಫಿಗರ್ ಸ್ಕೇಟಿಂಗ್ ಅಂತಾರಲ್ಲ, ಅದು. ಟಿವಿಯಲ್ಲಿ ಬರುವವರು ಮಂಜುಗಡ್ಡೆಯ ಮೇಲೆ ಆಡುತ್ತಾರೆ. ಇವರ ಊರಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು? ಸಿಮೆಂಟಿನ ಮೇಲೆ ಆಡುತ್ತಿದ್ದರು. ಎಲ್ಲಿ ಬಿದ್ದರೂ ಸೊಂಟ ಸೊಂಟವೇ.

ಒಂದು ದಿನ ಕಸ್ತೂರಿ ಹಾರಿದಳು, ಸುತ್ತಿದಳು, ದಪ್ಪಂತ ಬಿದ್ದಳು. ಸೊಂಟದ ಪಕ್ಕ ನೇರಳೆ ಹಣ್ಣಿನ ಹಾಗೆ ಕಪ್ಪಾಯಿತು. ಕಲಿಸುವ ಪಿಂಟೋ ಮಾಸ್ತರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: "ಸೊಂಟಕ್ಕ ಮೆತ್ತಿ ಇಲ್ಲದ ಇನ್ನ ಹಾರಸೂದಿಲ್ಲ. ಹಾರದಿದ್ರ ಸ್ಪರ್ಧೆ ಇಲ್ಲ. ಹದಿನೈದ ದಿನ ಐತಿ, ನೋಡಿಕೊಳ್ರಿ."

ಅಂಥ ಮೆತ್ತೆ ಆ ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಕಸ್ತೂರಿ ಮೂಲೆ ಹಿಡಿದು ಅಳುತ್ತ ಕೂತಳು. ತಂಗಿ ಅತ್ತಳು ಅಂತ ಅಡಿವೆಪ್ಪನೂ ಕೂತು ಅತ್ತ.

"ಸಾಕು ಸುಮ್ನಿರ್ರಿ!" ಅಂದಳು ಸಂಕವ್ವ. "ಊರಿಗೆಲ್ಲ ಕೌದಿ ಹೊಲಿದಾಕಿಗೆ ಮಗಳ ಸೊಂಟಕ್ಕ ಒಂದ ಮೆತ್ತಿ ಹೊಲಿಯಾಕ ಬರೂದಿಲ್ಲೇನು?"

ಅಡಿವೆಪ್ಪ ಕಣ್ಣು ಒರೆಸಿಕೊಂಡ. "ನಾ ಏನ ಮಾಡ್ಲಿಬೇ ಯವ್ವಾ?"

"ಈ ಟೇಪು ತಗೋ. ಕಸ್ತೂರಿ ಮೈದಾನಕ್ಕ ಹೊಂಟಾಳ, ಜೋಡಿ ಹೋಗು. ಆಕಿ ಎಲ್ಲಿ ಬೀಳ್ತಾಳೋ ಅಲ್ಲಿ ಅಳತಿ ತಗೊಂಡು ಬಾ."

ಹೋದ. ತಂಗಿ ಮೈದಾನದಲ್ಲಿ ಮೆಲ್ಲಗೆ ಜಾರುವುದನ್ನು ನೋಡುತ್ತ ನಿಂತ. "ತಂಗೀ, ನೀ ಎಲ್ಲಿ ಬೀಳ್ತಿ?" ಅಂತ ಕೇಳಿದ. "ಅಲ್ಲೇ ಅಣ್ಣಾ, ಆ ಕಂಬದ ಹತ್ರ" ಅಂದಳು. ಅಡಿವೆಪ್ಪ ಕಂಬದ ಹತ್ತಿರ ಮೊಣಕಾಲೂರಿದ. ಸಿಮೆಂಟನ್ನು ಉದ್ದಕ್ಕೆ ಅಳೆದ, ಅಗಲಕ್ಕೆ ಅಳೆದ, ಮನೆಗೆ ಬಂದ.

"ಹತ್ತ ಫೂಟ ಉದ್ದ, ಎಂಟ ಫೂಟ ಅಗಲಬೇ!"

"ಯಾರ ಸೊಂಟಾನೋ ಅದು? ಆನಿ ಸೊಂಟಾನೇನು?"

"ಸೊಂಟಲ್ಲಬೇ. ನೆಲಾ!"

"ಅಯ್ಯ ನಿನ್ನ! ನೆಲಾ ಯಾರ ಕೇಳಿದ್ರು? ಸೊಂಟಕ್ಕ ಸುತ್ತಬೇಕಿತ್ತೋ! ಸುತ್ತಲೂ ಬಿಗಿಯಾಗಿ ಸೊಂಟಕ್ಕ ಸುತ್ತಬೇಕಿತ್ತು!"

"ಹೂನ್ಬೇ. ಇನ್ನ ಮ್ಯಾಲ ಹಂಗ ಮಾಡ್ತೀನಿ."

ಅಳತೆಯನ್ನು ಅವ್ವ ತಾನೇ ತೆಗೆದುಕೊಂಡಳು. ಮಾರನೆಯ ದಿನ ಅಡಿವೆಪ್ಪನನ್ನು ಹುಸೇನಸಾಬರ ಗಾದಿ ಅಂಗಡಿಗೆ ಕಳಿಸಿದಳು. "ಗಟ್ಟಿ ಸ್ಪಂಜು ಕೇಳು. ಹೆಬ್ಬೆರಳಿಲೆ ಒತ್ತಿದ್ರ ಆಚಿ ಕಡೆ ತಾಗಬಾರದು, ಅಂಥಾದ್ದು."

ಹುಸೇನಸಾಬರು ಒಳ್ಳೆಯವರು. ಒತ್ತಿ ನೋಡಿ, ಒಂದು ದೊಡ್ಡ ಹಾಳೆಯನ್ನೇ ಕೊಟ್ಟರು. ಅಡಿವೆಪ್ಪ ಅವ್ವನ ಮಾತು ನೆನೆಸಿಕೊಂಡ. ಸುತ್ತಲೂ, ಬಿಗಿಯಾಗಿ, ಸೊಂಟಕ್ಕೆ! ಸುತ್ತಿದ. ಹಗ್ಗ ಬಿಗಿದ. ಕಣಜದ ಹಾಗೆ ಬೀದಿಗೆ ಇಳಿದ. ಸಂತೆಯ ಸಂದಿಯಲ್ಲಿ ತೂರಿದಾಗ ಈ ಕಡೆಯ ಮೊಳೆಗೆ ಒಂದು ತುಂಡು, ಆ ಕಡೆಯ ತಗಡಿಗೆ ಒಂದು ತುಂಡು. ಹಿಂದಿನಿಂದ ಒಂದು ಆಡು ಮೇಯುತ್ತಲೇ ಬಂತು.

ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವನನ್ನು ಅವ್ವ ಎಳೆದು ಒಳಗೆ ಹಾಕಿದಳು. ಹಾಳೆ ಅರ್ಧ ಉಳಿದಿತ್ತು.

"ಸೊಂಟಕ್ಕ ಸುತ್ತು ಅಂದಿದ್ದೆಲ್ಲಬೇ!"

"ಅದು ಟೇಪಿಗೋ ಮಂಗ್ಯಾ! ಇಂಥಾದ್ದನ್ನ ಕತ್ತರಿಸಿ, ಮಡಿಚಿ, ಚೀಲದಾಗ ತುರುಕಿ ತರಬೇಕು! ತಿಳೀತಿಲ್ಲೋ?"

"ತಿಳೀತುಬೇ. ಕತ್ತರಿಸಿ, ಮಡಿಚಿ, ಚೀಲದಾಗ ತುರುಕಿ."

ಉಳಿದ ಅರ್ಧವೇ ಸಾಕಾಯಿತು. ಸಂಕವ್ವ ಸ್ಪಂಜನ್ನು ಎರಡು ಪದರ ಮಾಡಿದಳು. ಲಂಗದೊಳಗೆ ಉಬ್ಬಿ ಕಾಣಬಾರದು ಅಂತ ಅಂಚನ್ನು ಕತ್ತರಿಯಿಂದ ತೆಳ್ಳಗೆ ಸವರಿದಳು. ಎಡಕ್ಕೊಂದು, ಬಲಕ್ಕೊಂದು, ಹಿಂದೆ ಬಾಲದ ಮೂಳೆಗೊಂದು. ಇನ್ನು ಅವನ್ನು ಇಡಲು ಬಿಗಿ ಚಡ್ಡಿಯ ಒಳಗೆ ಜೇಬು ಹೊಲಿಯಬೇಕು.

"ಅಡಿವೆಪ್ಪಾ, ಕಸ್ತೂರಿ ಚಡ್ಡಿ ಮೈದಾನದ ಪೆಟ್ಟಿಗ್ಯಾಗ ಐತಿ. ತಗೊಂಡ ಬಾ."

ಹೋದ. ಚಡ್ಡಿ ಸಿಕ್ಕಿತು, ಕತ್ತರಿ ಇರಲಿಲ್ಲ. ಪಕ್ಕದ ಕ್ಷೌರದ ಅಂಗಡಿಯಲ್ಲಿ ಕೇಳಿ ಇಸಿದುಕೊಂಡ. ಕತ್ತರಿಸಿದ, ಮಡಿಚಿದ, ಚೀಲದಲ್ಲಿ ತುರುಕಿದ. ಮನೆಗೆ ಬಂದು ಚೀಲ ಬೋರಲು ಹಾಕಿದರೆ ಎಂಟು ತುಂಡು ಬಿದ್ದವು.

ಕಸ್ತೂರಿ ಕಿಟಾರನೆ ಕಿರುಚಿದಳು. ಅವ್ವ ಒಂದೊಂದೇ ತುಂಡು ಎತ್ತಿ ನೋಡಿದಳು. ಆಮೇಲೆ ಬಾಯಿ ಬಿಟ್ಟಳು: "ಕೈ ಬಿದ್ದು ಹೋಗ್ಲಿ ನಿಂದು! ಬಟ್ಟಿ ಕತ್ತರಸ್ತಾರೇನೋ! ಎರಡೂ ಕೈಲೆ ಮೆತ್ತಗ ಎತ್ತಿಕೊಂಡು, ಕೂಸಿನಂಗ ಎದಿಗೆ ಅವಚಿಕೊಂಡು ತರಬೇಕು!"

"ಕೂಸಿನಂಗ. ಆತುಬೇ."

ಸಂಕವ್ವ ಪಕ್ಕದ ಮನೆಯ ಹುಡುಗಿಯ ಚಡ್ಡಿಯೊಂದನ್ನು ಕೇಳಿ ತಂದಳು. ಎಂಟು ತುಂಡುಗಳನ್ನೇ ಜೇಬು ಮಾಡಿದಳು. ಕೌದಿಗೆ ಹಾಕುವ ಸಣ್ಣ ಹೊಲಿಗೆ ಸಾಲು ಸಾಲಾಗಿ ಹಾಕಿ, ಮೆತ್ತೆ ಆಚೀಚೆ ಸರಿಯದ ಹಾಗೆ ಮಾಡಿದಳು. ಮೂರನೆಯ ದಿನಕ್ಕೆ ಮುಗಿಯಿತು.

"ಹೋಗು, ಪಿಂಟೋ ಮಾಸ್ತರನ್ನ ಕರಕೊಂಡ ಬಾ. ಅವರೊಮ್ಮೆ ನೋಡ್ಲಿ."

ಮಾಸ್ತರು ಸಣಕಲು ಮನುಷ್ಯ, ಇಸ್ತ್ರಿ ಪ್ಯಾಂಟು, ಬಿಳಿ ಮೀಸೆ. "ಬಾರಪಾ ಅಡಿವೆಪ್ಪಾ, ಏನ ಸಮಾಚಾರ?" ಅಂದರು. ಅಡಿವೆಪ್ಪ ಹತ್ತಿರ ಬಂದ, ಬಗ್ಗಿದ. ಎರಡೂ ಕೈಲಿ ಮೆತ್ತಗೆ ಎತ್ತಿದ, ಎದೆಗೆ ಅವಚಿಕೊಂಡ, ನಡೆದ.

"ಏ ಬಿಡೋ! ಇಳಸೋ! ಎಲ್ಲಿಗೋ!" ಅಂತ ಮಾಸ್ತರು ಕಾಲು ಬಡಿದರು. ಕೂಸು ಅಳುತ್ತಿದೆ ಅಂತ ಅಡಿವೆಪ್ಪ ಬೆನ್ನು ತಟ್ಟಿದ. ಇನ್ನೂ ಕೂಗಿದರು. "ಜೋ ಜೋ" ಅಂದ. ಇಡೀ ಸಂತೆ ಬೀದಿ ನಿಂತು ನೋಡಿತು.

ಅಂಗಳದಲ್ಲಿ ಇಳಿಸಿದಾಗ ಮಾಸ್ತರರ ಮುಖ ಕೆಂಪು ಕೆಂಪು. ಸಂಕವ್ವ ಕೈಮುಗಿದಳು, ಕಾಲಿಗೆ ಬಿದ್ದಳು, ಮಗನ ಬೆನ್ನಿಗೆ ಎರಡು ಗುದ್ದಿದಳು. "ದೊಡ್ಡವ್ರನ್ನ ಹೊತ್ಕೊಂಡ ಬರ್ತಾರೇನೋ! ಅವ್ರ ಪಾಡಿಗೆ ಅವ್ರು ಬರ್ತಾರ. ನೀ ಮುಂದ ಮುಂದ ನಡಕೋತ, 'ಹಿಂಗ ಬರ್ರಿ, ಹಿಂಗ ಬರ್ರಿ' ಅಂತ ದಾರಿ ತೋರಸಬೇಕು!"

"ಮುಂದ ಮುಂದ ನಡಕೋತ. ಆತುಬೇ."

ಮಾಸ್ತರು ಉಸಿರು ಬಿಟ್ಟು ಚಡ್ಡಿ ಹಿಡಿದು ನೋಡಿದರು. ಒತ್ತಿದರು, ಹಿಂಡಿದರು, ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿದರು. ಸಿಟ್ಟು ಹೋಯಿತು. "ಸಂಕವ್ವಾ, ಇಷ್ಟ ಚಲೋದ್ದು ನಾ ಎಲ್ಲೂ ನೋಡಿಲ್ಲ. ಕಸ್ತೂರಿ, ನಾಳಿಂದ ಹಾರು!"

ಹತ್ತು ದಿನ ಕಸ್ತೂರಿ ಹಾರಿದಳು, ಬಿದ್ದಳು, ಎದ್ದಳು, ಮತ್ತೆ ಹಾರಿದಳು. ಬೀಳುವ ಹೆದರಿಕೆ ಹೋದ ಮೇಲೆ ಬೀಳುವುದೂ ಕಡಿಮೆಯಾಯಿತು.

ಸ್ಪರ್ಧೆಯ ದಿನ ಬಂತು. ಮೂರು ಜನ ತೀರ್ಪುಗಾರರು, ಮೈದಾನದ ತುಂಬ ಜನ. ಕಸ್ತೂರಿಯ ಹೆಸರು ಕೂಗಿದರು. ಹಾಡು ಶುರುವಾಯಿತು. ಹುಡುಗಿ ಜಾರುತ್ತ ಹೊರಟಳು.

ಅಡಿವೆಪ್ಪ ನೋಡಿದ. ಇಷ್ಟು ಜನರ ನಡುವೆ ತಂಗಿ ಒಬ್ಬಳೇ! ಮುಂದೆ ಯಾರೂ ಇಲ್ಲ! ದಾರಿ ತೋರಿಸುವವರು ಯಾರು? ಮೈದಾನದ ಸುತ್ತ ಕಟ್ಟಿದ ಹಗ್ಗ ದಾಟಿ ಒಳಗೆ ನಡೆದ. "ಹಿಂಗ ಬರ್ರಿ ತಂಗೀ, ಹಿಂಗ ಬರ್ರಿ!"

ಕಸ್ತೂರಿ ಆಗ ಹಿಮ್ಮುಖವಾಗಿ ಜಾರುತ್ತಿದ್ದಳು, ಹಾರುವುದಕ್ಕೆ. ಬೆನ್ನಿಗೆ ಕಣ್ಣಿದೆಯೇ? ಬಂದು ಢೀ ಅಂತ ಹೊಡೆದಳು. ಇಬ್ಬರೂ ದಪ್ಪಂತ ಕೂತರು ಸಿಮೆಂಟಿನ ಮೇಲೆ. ಹಾಡು ನಿಂತಿತು. ಜನ "ಅಯ್ಯೋ" ಅಂದರು.

ಅಡಿವೆಪ್ಪನಿಗೆ ಕಣ್ಣು ಕತ್ತಲೆ ಬಂತು. ಆದರೂ ಮೊದಲು ಕೇಳಿದ್ದು, "ತಂಗೀ, ಪೆಟ್ಟಾತೇನು?"

ಕಸ್ತೂರಿ ಎದ್ದು ನಿಂತು ಲಂಗ ಕೊಡವಿದಳು. "ಏನೂ ಆಗಿಲ್ಲ ಅಣ್ಣಾ. ನಿನಗ?"

"ನನಗ ಭಾಳ ಆಗೈತಿ" ಅಂದ ಅಡಿವೆಪ್ಪ.

ತೀರ್ಪುಗಾರರು ತಲೆ ತಲೆ ಸೇರಿಸಿ ಮಾತಾಡಿದರು. ಹುಡುಗಿಯ ತಪ್ಪೇನಿಲ್ಲ, ಹೊರಗಿನವನು ಅಡ್ಡ ಬಂದಿದ್ದಾನೆ, ಮೊದಲಿನಿಂದ ಆಡಲಿ ಅಂದರು. ನೋಡಲು ಬಂದವರಲ್ಲಿ ಇಬ್ಬರು ಅಡಿವೆಪ್ಪನ ರಟ್ಟೆ ಹಿಡಿದು ಕೂತರು. ಹಾಡು ಮತ್ತೆ ಶುರುವಾಯಿತು. ಕಸ್ತೂರಿ ಹಾರಿದಳು, ಗಾಳಿಯಲ್ಲೇ ಸುತ್ತಿದಳು, ಒಂಟಿಗಾಲಲ್ಲಿ ಇಳಿದು ಜಾರಿಕೊಂಡು ಹೋದಳು. ಎರಡನೆಯ ಬಹುಮಾನ ಬಂತು. ಮಗಳ ಕೊರಳಿನ ಪದಕ ಮುಟ್ಟಿ ಮುಟ್ಟಿ ನೋಡುತ್ತ ಸಂಕವ್ವ ಮಗನನ್ನು ಬೈಯುವುದನ್ನೇ ಮರೆತಳು.

ಮರುದಿನ ಮಧ್ಯಾಹ್ನ ಪಿಂಟೋ ಮಾಸ್ತರರಿಗೆ ಊಟಕ್ಕೆ ಹೇಳಿದ್ದರು. ಹೋಳಿಗೆ. ಸಂಕವ್ವ ಬೆಳಗ್ಗೆಯೇ ಬೇಳೆ ಬೇಯಿಸಿ, ಬೆಲ್ಲ ಹಾಕಿ, ಒರಳಲ್ಲಿ ನುಣ್ಣಗೆ ರುಬ್ಬಿ, ಅಗಲ ತಟ್ಟೆಯಂಥ ದೊಡ್ಡ ಪರಾತದ ತುಂಬ ಹೂರಣ ಮಾಡಿಟ್ಟಳು. ಅಡಿವೆಪ್ಪ ಕುಂಟುತ್ತ ಬಂದ. "ಯವ್ವಾ, ಎಲ್ಲಿ ಕುಂತ್ರೂ ನೋಯ್ತೈತಿಬೇ."

ಅವ್ವನಿಗೆ ಕರುಳು ಚುರುಕ್ಕೆಂದಿತು. "ಪಾಪ, ನನ್ನ ಮಗನ! ಬರೇ ನೆಲದ ಮ್ಯಾಲ ಕುಂಡರಬ್ಯಾಡೋ. ಮನ್ಯಾಗ ಎಲ್ಲಕ್ಕಿಂತ ಮೆತ್ತಂದು ಯಾವ್ದೈತಿ ನೋಡಿ, ಅದರ ಮ್ಯಾಲ ಕುಂಡ್ರು."

ಇಷ್ಟು ಹೇಳಿ ನೀರು ತರಲು ಹೋದಳು. ಬರುವಾಗ ಮಾಸ್ತರರೂ ಜೊತೆಗೇ ಬಂದರು. ಒಳಗೆ ಕಾಲಿಟ್ಟವರು ಇಬ್ಬರೂ ಹಾಗೇ ನಿಂತರು.

ಅಡಿವೆಪ್ಪ ಪರಾತದ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಗಾದಿ ಒತ್ತಿ ನೋಡ್ದೆಬೇ, ತೆಲಿದಿಂಬ ಒತ್ತಿ ನೋಡ್ದೆ, ನಿನ್ನ ಕೌದಿ ಎಲ್ಲಾ ಒತ್ತಿ ನೋಡ್ದೆ. ಇದರಷ್ಟ ಮೆತ್ತಂದು ಒಂದೂ ಇಲ್ಲ! ಇನ್ನೂ ಸ್ವಲ್ಪ ಬಿಸಿ ಐತಿ, ಅಷ್ಟ."